ಗಂಜಿಯ ಲೋಟದಲ್ಲಿ ಎಷ್ಟು ಬಲ?

— ಅಕ್ಕ, ನೀವು ಬೆಂಗಳೂರಿನಲ್ಲಿ ಅಷ್ಟು ವರ್ಷ ಕ್ಯಾನ್ಸರ್ ರೋಗಿಗಳ ಊಟ ನೋಡಿಕೊಂಡವರು. ಅದಕ್ಕೇ ನಿಮ್ಮನ್ನ ಕೇಳೋಣ ಅಂತ ಬಂದೆ. ಅಪ್ಪನ ತೋಳು ನೋಡಿದ್ರಾ? ಮಗ್ಗ ನಡೆಸಿದ ತೋಳು ಅದು. ಈಗ ಅಂಗಿಯೊಳಗೆ ಬರೀ ಮೂಳೆ. ನಾವು ಊಟಕ್ಕೇನೂ ಕಡಿಮೆ ಮಾಡಿಲ್ಲ. ಹೊತ್ತು ಹೊತ್ತಿಗೆ ರಾಗಿ ಗಂಜಿ, ಮೆತ್ತಗೆ ಅನ್ನ, ತಿಳಿ ಸಾರು. ಆದರೂ ಕರಗ್ತಾನೇ ಇದ್ದಾರೆ.

— ನೋಡಿದೆ ಕಣಮ್ಮ. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಿದರು. ತೂಕ ಎಷ್ಟಿತ್ತು, ಈಗೆಷ್ಟು?

— ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ 62 ಕೆ.ಜಿ. ಹೋದ ವಾರ ಕೀಮೋಗೆ ಹೋದಾಗ 54.

— ನಾಲ್ಕು ತಿಂಗಳಲ್ಲಿ 8 ಕೆ.ಜಿ. ಅಂದರೆ ನೂರಕ್ಕೆ ಹದಿಮೂರು. ಬೇರೆ ಬೇರೆ ದೇಶಗಳ ತಜ್ಞರು ಸೇರಿ 2011ರಲ್ಲಿ ಒಂದು ಅಳತೆ ಹಾಕಿಕೊಟ್ಟರು: ಆರು ತಿಂಗಳೊಳಗೆ ಬೇಡದೆಯೇ ನೂರಕ್ಕೆ ಐದಕ್ಕಿಂತ ಹೆಚ್ಚು ತೂಕ ಇಳಿದರೆ ಅದನ್ನು ಕ್ಯಾಚೆಕ್ಸಿಯಾ, ಅಂದರೆ ಕಾಯಿಲೆಯಿಂದ ಮೈ ಸವೆಯೋದು, ಅಂತ ಗುರುತಿಸಬೇಕು ಅಂತ. ಮೊದಲೇ ತೆಳ್ಳಗಿದ್ದವರಿಗೆ ನೂರಕ್ಕೆ ಎರಡು ಇಳಿದರೂ ಸಾಕು. ನಿಮ್ಮಪ್ಪ ಆ ಗೆರೆ ದಾಟಿ ಬಹಳ ದಿನ ಆಗಿದೆ.

— ಹಾಗಾದರೆ ನಾವು ಸರಿಯಾಗಿ ನೋಡಿಕೊಂಡಿಲ್ಲ ಅಂತಾನಾ?

— ಅಲ್ಲ. ಆ ಮಾತನ್ನ ಇವತ್ತೇ ಮನಸ್ಸಿಂದ ತೆಗೆದುಹಾಕು. ಆರೋಗ್ಯವಾಗಿರೋರು ಉಪವಾಸ ಮಾಡಿದರೆ ಮೈ ಏನು ಮಾಡುತ್ತೆ ಗೊತ್ತಾ? ಖರ್ಚು ಕಡಿಮೆ ಮಾಡಿಕೊಳ್ಳುತ್ತೆ, ಕೊಬ್ಬನ್ನ ಕರಗಿಸುತ್ತೆ, ಸ್ನಾಯುವನ್ನ ಆದಷ್ಟು ಕಾಪಾಡುತ್ತೆ. ಗಡ್ಡೆ ಇರುವ ಮೈಯಲ್ಲಿ ಈ ಕಾಪಾಡೋ ಕೆಲಸವೇ ಕೆಟ್ಟುಹೋಗಿರುತ್ತೆ. ಒಳಗೆ ಸಣ್ಣಗೆ ಉರಿಯೂತ ನಡೀತಾನೇ ಇರುತ್ತೆ. ಅದರಿಂದ ಹೊರಡೋ ರಾಸಾಯನಿಕಗಳು ಸ್ನಾಯುವಿನ ಪ್ರೋಟೀನನ್ನ ಒಡೀತಾವೆ, ಹೊಸದು ಕಟ್ಟೋದಕ್ಕೂ ಬಿಡಲ್ಲ. ಮಲಗಿದ್ದಲ್ಲೇ ಖರ್ಚು ಹೆಚ್ಚು. ಇನ್ನೊಂದು ಕಡೆ ಜಿಡಿಎಫ್-15 ಅನ್ನೋ ಪ್ರೋಟೀನು ರಕ್ತದಲ್ಲಿ ಏರಿ ಮೆದುಳಿನ ಬುಡಕ್ಕೆ ಮುಟ್ಟಿ ಹಸಿವನ್ನ ಅಡಗಿಸಿಬಿಡುತ್ತೆ, ವಾಕರಿಕೆ ತರುತ್ತೆ. ಅವರು ತಟ್ಟೆ ಪಕ್ಕಕ್ಕೆ ಸರಿಸೋದು ಹಟದಿಂದಲ್ಲ.

— ಅಯ್ಯೋ, ದಿನಾ ಬೈತೀವಿ ಅಕ್ಕ. ‘ನಮಗೋಸ್ಕರ ಆದರೂ ತಿನ್ನಿ’ ಅಂತ ಅಣ್ಣ ಅತ್ತೂ ಬಿಟ್ಟ.

— ಆ ಪ್ರೋಟೀನನ್ನ ತಡೆಯೋ ಚುಚ್ಚುಮದ್ದಿನ ಪ್ರಯೋಗ 2024ರಲ್ಲಿ ವರದಿಯಾಗಿದೆ. ಹನ್ನೆರಡು ವಾರದಲ್ಲಿ ರೋಗಿಗಳ ತೂಕ ಏರಿತ್ತು. ನಮ್ಮ ಕೈಗೆ ಬರೋಕೆ ಇನ್ನೂ ಹೊತ್ತಿದೆ, ಅದಿರಲಿ. ಹಸಿವಿಲ್ಲದಿರೋದೇ ರೋಗದ ಒಂದು ಭಾಗ ಅಂತ ಅದರಿಂದ ಖಚಿತವಾಯ್ತಲ್ಲ, ನಿಮ್ಮ ಮನೆಗೆ ಅಷ್ಟು ಗೊತ್ತಾದರೆ ಬೈಗುಳ ನಿಲ್ಲುತ್ತೆ. ಈಗ ಹೇಳು, ನಿನ್ನೆ ಬೆಳಗಿಂದ ರಾತ್ರಿವರೆಗೆ ಏನೇನು ತಿಂದರು? ಸುಮಾರಾಗಿ ಬೇಡ, ಒಂದೊಂದೇ ಹೇಳು.

— ಬೆಳಿಗ್ಗೆ ಒಂದು ಲೋಟ ರಾಗಿ ಗಂಜಿ. ಮಧ್ಯಾಹ್ನ ಅರ್ಧ ಮುದ್ದೆ, ಬಸ್ಸಾರಿನ ತಿಳಿ. ಎರಡು ಸಲ ಟೀ, ರಸ್ಕು. ರಾತ್ರಿ ಒಂದು ಹಿಡಿ ಅನ್ನ, ಮಜ್ಜಿಗೆ.

— ಗಂಜಿಗೆ ಎಷ್ಟು ಚಮಚ ಹಿಟ್ಟು?

— ಎರಡು. ಗಟ್ಟಿಯಾದರೆ ನುಂಗೋಕಾಗಲ್ಲ ಅಂತಾರೆ.

— ಎರಡು ಚಮಚ ಅಂದರೆ 20 ಗ್ರಾಂ. ರಾಗಿಯಲ್ಲಿ ನೂರು ಗ್ರಾಮಿಗೆ ಏಳು ಗ್ರಾಂ ಪ್ರೋಟೀನು. ಹಾಗಾದರೆ ಆ ದೊಡ್ಡ ಲೋಟದಲ್ಲಿ ಒಂದೂವರೆ ಗ್ರಾಂ. ಅರ್ಧ ಮುದ್ದೆಯಲ್ಲಿ ಮೂರು, ತಿಳಿಯಲ್ಲಿ ಹೆಚ್ಚಂದರೆ ಎರಡು, ಟೀ-ರಸ್ಕಿನಲ್ಲಿ ಮೂರು, ಅನ್ನದಲ್ಲಿ ನಾಲ್ಕು, ಮಜ್ಜಿಗೆಯಲ್ಲಿ ಎರಡು. ಕೂಡಿದರೆ 15, 16 ಗ್ರಾಂ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಆರೋಗ್ಯವಂತರಿಗೇ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು ಅಂದಿದೆ. ಕ್ಯಾನ್ಸರ್ ರೋಗಿಗೆ ಒಂದು ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂವರೆಗೆ ಕೊಡಿ ಅನ್ನೋದು ಯುರೋಪಿನ ಪೋಷಣ ತಜ್ಞರ ಸಂಘ ಎಸ್ಪೆನ್ ಸೂಚನೆ. ಜೊತೆಗೆ ಕೆ.ಜಿ.ಗೆ 25ರಿಂದ 30 ಕ್ಯಾಲೊರಿ. ಅಪ್ಪನ 54 ಕೆ.ಜಿ.ಗೆ ಲೆಕ್ಕ ಹಾಕಿದರೆ ದಿನಕ್ಕೆ 1350ರಿಂದ 1600 ಕ್ಯಾಲೊರಿ, 54ರಿಂದ 81 ಗ್ರಾಂ ಪ್ರೋಟೀನು. ಸಿಗ್ತಿರೋದು ಅದರ ಕಾಲು ಭಾಗ.

— ರಾಗಿ ತಿಂದೋನಿಗೆ ಬಲ ಅಂತ ಎಲ್ಲರೂ ಹೇಳೋದು ಸುಳ್ಳಾ ಹಾಗಾದರೆ?

— ಸುಳ್ಳಲ್ಲ. ನಮ್ಮ ಹಿರಿಯರು ಎರಡು ಮುದ್ದೆ ತಿಂದು, ಜೊತೆಗೆ ಹುರುಳಿಯೋ ಅವರೆಯೋ ಅಲಸಂದೆಯೋ ಕಾಳಿನ ಸಾರು ಉಂಡು, ಹೊಲಕ್ಕೆ ಹೋದವರು. ರಾಗಿಯಲ್ಲಿ ಸುಣ್ಣದಂಶ ತುಂಬ ಇದೆ, ನೂರು ಗ್ರಾಮಿಗೆ 350 ಮಿಲಿಗ್ರಾಮಿನ ಮೇಲೆ. ಆದರೆ ನೀವು ಮುದ್ದೆಯನ್ನ ನೀರಾಗಿಸಿದ್ದೀರಿ, ಬಸ್ಸಾರಿನ ಕಾಳನ್ನ ಬದಿಗಿಟ್ಟು ತಿಳಿ ಮಾತ್ರ ಕೊಟ್ಟಿದ್ದೀರಿ. ಕಾಯಿಲೆಯವರಿಗೆ ಹಗುರ ಊಟ ಅಂತ ನಮ್ಮ ಕಡೆ ಏನನ್ನ ಕೊಡ್ತೀವೋ ಅದರಲ್ಲಿ ಹೊಟ್ಟೆ ತುಂಬುತ್ತೆ, ಮೈಗೆ ಏನೂ ಹತ್ತಲ್ಲ. ಎರಡು ದಿನದ ಜ್ವರಕ್ಕೆ ಅದು ಸರಿ. ತಿಂಗಳುಗಟ್ಟಲೆ ಕೀಮೋ ತಗೊಳ್ಳೋರಿಗೆ ಅದು ಅನ್ಯಾಯ. ನನಗೆ ಈ ವಿಷಯದಲ್ಲಿ ಬಹಳ ಸಂಕಟ ಇದೆ ಕಣೇ. ಆಸ್ಪತ್ರೆಗೆ ಬರೋ ಎಷ್ಟೋ ಮನೆಗಳಲ್ಲಿ ಪ್ರೀತಿಗೇನೂ ಕಡಿಮೆ ಇರಲಿಲ್ಲ. ಗಂಜಿಗೆ ಏನು ಸೇರಿಸಬೇಕು ಅಂತ ಮೊದಲ ದಿನವೇ ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ.

— ಈಗ ಹೇಳಿ, ಬರಕೊಳ್ತೀನಿ. ಆದರೆ ಗಟ್ಟಿ ಮಾಡಿದರೆ ನುಂಗಲ್ವಲ್ಲ.

— ಅದಕ್ಕೆ ದಾರಿ ರಾಗಿಯಲ್ಲೇ ಇದೆ. ಮೊಳಕೆ ಕಟ್ಟಿದ ರಾಗಿಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತೆ. ಅದು ಪಿಷ್ಟವನ್ನ ಕತ್ತರಿಸಿ ತೆಳುವಾಗಿಸುತ್ತೆ. ಬರೋಡಾದಲ್ಲಿ ತಾರಾ ಗೋಪಾಲದಾಸ್ ಮತ್ತು ಅವರ ಜೊತೆಯವರು ಇದನ್ನೇ ಹಿಡಿದು ಎಳೆ ಮಕ್ಕಳ ಆಹಾರಕ್ಕೆ ಬಳಸಿ ತೋರಿಸಿದರು. ನೀನೂ ಹಾಗೇ ಮಾಡು. ನಾಲ್ಕೈದು ಚಮಚ ಹಿಟ್ಟು ಹಾಕಿ, ನೀರಿನ ಬದಲು ಹಾಲಿನಲ್ಲಿ ಗಟ್ಟಿಯಾಗಿ ಬೇಯಿಸು. ಕುದಿ ಇಳಿದ ಮೇಲೆ, ಬಿಸಿ ಇರುವಾಗಲೇ, ಮೊಳಕೆ ರಾಗಿ ಹಿಟ್ಟು ಒಂದು ಚಮಚ ಹಾಕಿ ತಿರುವು. ನೋಡ್ತಾ ನೋಡ್ತಾ ಸಡಿಲ ಆಗುತ್ತೆ. ಆಮೇಲೆ ಇನ್ನೊಂದು ಕುದಿ ಬರಿಸು, ಹಸಿ ಹಿಟ್ಟು ಹಾಗೇ ಬಿಡಬೇಡ. ಇಳಿಸಿದ ಮೇಲೆ ಹುರಿಗಡಲೆ ಪುಡಿ ಎರಡು ಚಮಚ, ತುಪ್ಪ ಒಂದು ಚಮಚ, ಬೇಕಿದ್ದರೆ ಬೆಲ್ಲ. ಲೋಟ ಅದೇ, ಬಲ ನಾಲ್ಕರಷ್ಟು.

— ಬೇಯಿಸೋ ವಾಸನೆಗೇ ಅವರಿಗೆ ವಾಂತಿ ಬರುತ್ತೆ.

— ಹಾಗಿದ್ದ ದಿನ ಹುರಿಹಿಟ್ಟು. ಅರಳು ಹುರಿದ ರಾಗಿ ಹಿಟ್ಟಿಗೆ ಒಲೆ ಬೇಡ, ವಾಸನೆ ಇಲ್ಲ. ಕಾಯಿಸಿ ಆರಿಸಿದ ಹಾಲಿಗೋ ಗಟ್ಟಿ ಮೊಸರಿಗೋ ಕಲಸಿ, ಬೆಲ್ಲ, ಕಾಯಿತುರಿ ಹಾಕಿ ಕೊಡು. ಕೀಮೋ ಆದ ಎರಡು ಮೂರು ದಿನ ತಣ್ಣಗಿರೋದೇ ಒಳಗೆ ಹೋಗುತ್ತೆ. ದೆಹಲಿಯ ಏಮ್ಸ್‌ನಲ್ಲಿ ಉಪಶಾಮಕ ಆರೈಕೆಯಲ್ಲಿದ್ದ ಹೆಣ್ಣುಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು, 2017ರಲ್ಲಿ ಪ್ರಕಟವಾಯ್ತು. ಹುರಿದ ಕಡಲೆ, ಬಾರ್ಲಿ, ಸೋಯಾ, ಅಗಸೆ, ಒಣಗಿಸಿದ ದಂಟಿನ ಜಾತಿಯ ಸೊಪ್ಪು, ಇಷ್ಟನ್ನ ಪುಡಿ ಮಾಡಿ ದಿನಕ್ಕೆ 100 ಗ್ರಾಂ ಕೊಟ್ಟರು. ನಮ್ಮ ಅಜ್ಜಿಯರ ಹುರಿಹಿಟ್ಟಿನ ಡಬ್ಬಿಗೆ ಬಹಳ ದೂರದ್ದೇನಲ್ಲ ಅದು. ಪುಡಿ ತಗೊಂಡವರ ಮೈಯಲ್ಲಿ ಕೊಬ್ಬಿನ ಅಂಶ ಏರಿತ್ತು, ತಗೊಳ್ಳದವರ ತೂಕ ಇಳಿದಿತ್ತು.

— ಆದರೆ ಸ್ನಾಯು ಬಂತಾ?

— ಒಳ್ಳೆ ಪ್ರಶ್ನೆ. ಕಳೆದುಹೋದ ಸ್ನಾಯುವನ್ನ ಬರೀ ಊಟದಿಂದ ಪೂರಾ ವಾಪಸ್ ತರೋಕಾಗಲ್ಲ. 2011ರ ಆ ಅಳತೆಯಲ್ಲೇ ಈ ಮಾತು ಬರೆದಿದ್ದಾರೆ. ನಾನು ನಿನಗೆ ಮೊದಲಿನ ತೋಳು ತಂದುಕೊಡ್ತೀನಿ ಅಂತ ಹೇಳ್ತಿಲ್ಲ. ಇನ್ನು ಇಳಿಯದ ಹಾಗೆ ಹಿಡಿದು ನಿಲ್ಲಿಸೋಣ, ಆಪರೇಷನ್‌ವರೆಗೆ ದಾಟಿಸೋಣ ಅಂತಿದ್ದೀನಿ. ಹೊಟ್ಟೆ ಕ್ಯಾನ್ಸರು ಅಂದಿದ್ದರಲ್ಲ, ಕೀಮೋ ಮುಗಿದ ಮೇಲೆ ಆಪರೇಷನ್ನು ತಾನೇ?

— ಹೌದು. ಇನ್ನೆರಡು ಸುತ್ತು ಆದ ಮೇಲೆ. ಮೈಯಲ್ಲಿ ತಾಕತ್ತಿದ್ದರೆ ಮಾತ್ರ ಅಂದಿದ್ದಾರೆ ಡಾಕ್ಟ್ರು.

— ಅದೇ ವಿಷಯ. ಸ್ನಾಯು ಕಳಕೊಂಡವರಿಗೆ ಕೀಮೋದ ವಿಷ ಹೆಚ್ಚು ತಟ್ಟುತ್ತೆ, ಆಪರೇಷನ್ ಆದ ಮೇಲೆ ಗಾಯ ಮಾಯೋದು ತಡ. ಕೆಮ್ಮಿ ಕಫ ಹೊರಗೆ ಹಾಕೋದಕ್ಕೂ ಸ್ನಾಯು ಬೇಕಲ್ಲ. ಹೊಟ್ಟೆ ಕ್ಯಾನ್ಸರು ನಮ್ಮ ಭಾಗದ ಗಂಡಸರಲ್ಲಿ ಅಪರೂಪದ್ದೇನಲ್ಲ. 1973ರಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ದಾಖಲೆ ಇಡುತ್ತಾ ಬಂದಿದೆ, ಗಂಡಸರ ಪಟ್ಟಿಯಲ್ಲಿ ಹೊಟ್ಟೆ, ಅನ್ನನಾಳ ಎರಡೂ ಮುಂದಿನ ಸಾಲಿನಲ್ಲೇ ಇವೆ. ಊಟದ ದಾರಿಗೇ ಬರೋ ಕಾಯಿಲೆ ಇವು. ಅದಕ್ಕೇ ಇಲ್ಲಿ ಊಟದ ಮಾತು ಔಷಧಿಯ ಮಾತಿನ ಜೊತೆಜೊತೆಗೇ ನಡೀಬೇಕು ಅಂತ ನಾನು ಜಗಳ ಆಡಿದ್ದೀನಿ, ಈಗಲೂ ಆಡ್ತೀನಿ. ಮೊಟ್ಟೆ ತಿಂತಾರಾ?

— ತಿಂತಿದ್ದರು. ನಂಜು ಅಂತ ಸೋದರತ್ತೆ ಬಿಡಿಸಿದ್ದಾರೆ. ಮೊಟ್ಟೆ, ಕಡಲೆಕಾಯಿ, ಬದನೆ, ಮೀನು ಎಲ್ಲಾ ಬಂದ್. ಸಕ್ಕರೆ ಬೆಲ್ಲನೂ ಗಡ್ಡೆ ಬೆಳೆಸುತ್ತೆ ಅಂತ ಯಾರೋ ಮೊಬೈಲಿನಲ್ಲಿ ಕಳಿಸಿದ್ದರು.

— ಅತ್ತೆಗೆ ನನ್ನ ಹೆಸರು ಹೇಳಿ ತಿಳಿಸು, ಕಾಳಜಿಯಿಂದಲೇ ಹೇಳಿದ್ದಾರೆ, ಎದುರು ವಾದಿಸಬೇಡ. ಬೇಯಿಸಿದ ಮೊಟ್ಟೆಯಿಂದ ಗಾಯ ಕೀವಾಗಲ್ಲ, ಮಾಯೋಕೆ ಬೇಕಾದ ಸಾಮಾನೇ ಅದರಲ್ಲಿ ಇರೋದು. ಇನ್ನು ಬೆಲ್ಲ. ನಾವು ತಿನ್ನಲಿ ಬಿಡಲಿ ರಕ್ತದಲ್ಲಿ ಸಕ್ಕರೆ ಇರಲೇಬೇಕು. ಊಟದಲ್ಲಿ ಕಡಿಮೆಯಾದರೆ ಯಕೃತ್ತು ಅದನ್ನ ಸ್ನಾಯುವಿನ ಪ್ರೋಟೀನಿನಿಂದಲೇ ತಯಾರಿಸಿಕೊಳ್ಳುತ್ತೆ. ಸಕ್ಕರೆ ಬಿಡಿಸಿ ಗಡ್ಡೆಯನ್ನ ಉಪವಾಸ ಕೆಡವೋಕಾಗಲ್ಲ, ಅಪ್ಪ ಮಾತ್ರ ಉಪವಾಸ ಬೀಳ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮಾತು ಬೇರೆ, ಆಗ ಡಾಕ್ಟ್ರು ಹೇಳಿದ ಹಾಗೆ. ಈಗ ಬರಕೋ. ಮೊಟ್ಟೆ ಎರಡು, 12 ಗ್ರಾಂ. ಹಾಲು ಗಂಜಿಯಲ್ಲಿ, ಟೀಯಲ್ಲಿ, ರಾತ್ರಿ ಮಲಗುವಾಗ ಎಲ್ಲಾ ಸೇರಿ ಅರ್ಧ ಲೀಟರು, 16. ಗಟ್ಟಿ ಮೊಸರು ಒಂದು ಬಟ್ಟಲು, 5. ಹುರಿಗಡಲೆ ಪುಡಿ 30 ಗ್ರಾಂ, 6. ಕಡಲೆಕಾಯಿ ಬೀಜ ಹುರಿದು ಪುಡಿ ಮಾಡಿದ್ದು 30 ಗ್ರಾಂ, 7, ಬೂಷ್ಟು ಹಿಡಿದ ಬೀಜ ಮಾತ್ರ ಬೇಡವೇ ಬೇಡ. ಬೇಳೆ ಒಂದು ಹಿಡಿ, ಗಟ್ಟಿಯಾಗಿ, 7. ರಾಗಿ ಅಕ್ಕಿಯಿಂದ 10. ಎಷ್ಟಾಯ್ತು?

— 63.

— ಆಯ್ತಲ್ಲ. ಪಕ್ಕದ ಅಂಗಡಿಯಲ್ಲಿ, ಡೈರಿಯಲ್ಲಿ ಸಿಗೋದೇ ಎಲ್ಲಾ. ಡಬ್ಬಿಯ ಪ್ರೋಟೀನ್ ಪುಡಿಗೆ ಸಾಲ ಮಾಡೋ ಅಗತ್ಯ ಇಲ್ಲ. ಊಟ ಏನೂ ಇಳಿಯದೆ ಇದ್ದಾಗ, ಡಾಕ್ಟ್ರು ಬರೆದುಕೊಟ್ಟಾಗ, ಅದಕ್ಕೂ ಜಾಗ ಇದೆ. ಆದರೆ ಇಷ್ಟನ್ನೂ ನಾಳೆಯಿಂದಲೇ ತುರುಕೋಕೆ ಹೋಗಬೇಡ. ಬಹಳ ದಿನ ಕಡಿಮೆ ಉಂಡ ಮೈಗೆ ಒಮ್ಮೆಲೇ ತುಂಬಿದರೆ ರಕ್ತದಲ್ಲಿ ಫಾಸ್ಫೇಟು, ಪೊಟ್ಯಾಸಿಯಂ ದಿಢೀರ್ ಇಳಿದು ಹೃದಯಕ್ಕೆ ತೊಂದರೆ ಆಗಬಹುದು. ಈ ವಾರ ಅರ್ಧದಷ್ಟು, ಮುಂದಿನ ವಾರ ಇನ್ನಷ್ಟು. ಆಸ್ಪತ್ರೆಗೆ ಹೋದಾಗ ಈ ಚೀಟಿ ತೋರಿಸಿ, ಆ ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ಕೇಳು, ಕಿಡ್ನಿ ಸರಿಯಾಗಿದೆಯಾ ಅಂತಾನೂ ಕೇಳು. ಮೂರು ಊಟದ ಲೆಕ್ಕ ಬಿಡು. ಎರಡೆರಡು ಗಂಟೆಗೆ ಅರ್ಧ ಬಟ್ಟಲು. ಬೆಳಿಗ್ಗೆ ಎದ್ದಾಗ ಸ್ವಲ್ಪ ಹಸಿವಿರುತ್ತೆ ಹೆಚ್ಚಿನವರಿಗೆ, ಆ ಹೊತ್ತಿಗೆ ನೀರು ಗಂಜಿ ಕೊಟ್ಟು ಹಾಳು ಮಾಡಬೇಡ.

— ಬಾಯಿ ಕಬ್ಬಿಣ ನೆಕ್ಕಿದ ಹಾಗಿದೆ ಅಂತಾರೆ.

— ಸ್ಟೀಲ್ ಚಮಚ ಬಿಟ್ಟು ಮರದ್ದೋ ಪ್ಲಾಸ್ಟಿಕ್‌ದೋ ಕೊಡು. ಬಾಯಿ ಹುಣ್ಣಿಲ್ಲದಿದ್ದರೆ ನಿಂಬೆ, ಹುಣಸೆ ಒಂಚೂರು. ಹುಣ್ಣಿದ್ದರೆ ಖಾರ, ಹುಳಿ ಎರಡೂ ನಿಲ್ಲಿಸಿ, ಉಪ್ಪು-ಅಡುಗೆ ಸೋಡಾ ಹಾಕಿದ ನೀರಲ್ಲಿ ಊಟಕ್ಕೆ ಮುಂಚೆ ಬಾಯಿ ಮುಕ್ಕಳಿಸೋದು. ರಕ್ತದ ಕೌಂಟ್ ಇಳಿದಿರೋ ವಾರ ಹಸಿ ಕೋಸಂಬರಿ, ಹಸಿ ಮೊಳಕೆ ಕಾಳು, ರಸ್ತೆ ಬದಿ ಕುಯ್ದಿಟ್ಟ ಹಣ್ಣು ಬೇಡ. ಮೊಟ್ಟೆ ಒಳಗಿನವರೆಗೂ ಬೆಂದಿರಬೇಕು.

— ದೇವನಹಳ್ಳಿ ಚಿಕ್ಕಪ್ಪ ಚಕ್ಕೋತ ತಂದುಕೊಟ್ಟಿದ್ದಾರೆ. ಅದೊಂದು ಅಪ್ಪ ಆಸೆಯಿಂದ ತಿಂದರು.

— ಎರಡು ತೊಳೆಗೇ ಗಾಬರಿ ಬೇಡ, ಆದರೆ ಕೇಳದೆ ಮುಂದುವರಿಸಬೇಡ. ಚಕ್ಕೋತ ಗ್ರೇಪ್‌ಫ್ರೂಟಿನ ಹತ್ತಿರದ ನೆಂಟ. ಆ ಜಾತಿಯ ಹಣ್ಣಿನಲ್ಲಿರೋ ಕೆಲವು ಅಂಶ, ಕರುಳಿನಲ್ಲಿ ಔಷಧಿಯನ್ನ ಒಡೆಯೋ ಕಿಣ್ವವನ್ನ ಕಟ್ಟಿಹಾಕುತ್ತೆ. ಆಗ ಒಂದು ಮಾತ್ರೆ ನುಂಗಿದರೂ ರಕ್ತದಲ್ಲಿ ಹೆಚ್ಚು ನುಂಗಿದಷ್ಟು ಆಗಿಬಿಡಬಹುದು. ಇಮಾಟಿನಿಬ್ ಥರದ ಕ್ಯಾನ್ಸರ್ ಮಾತ್ರೆಗಳ ಜೊತೆ ಗ್ರೇಪ್‌ಫ್ರೂಟ್ ಬೇಡ ಅನ್ನೋದೇ ಅದಕ್ಕೆ. ನಮ್ಮ ಜಿಲ್ಲೆಯ ಹೆಮ್ಮೆಯ ಹಣ್ಣು, ಭೌಗೋಳಿಕ ಗುರುತು ಪಡೆದದ್ದು, ಆದರೂ ಅಪ್ಪ ತಗೊಳ್ಳೋ ಔಷಧಿ ಚೀಟಿ ತೋರಿಸಿ ಕೇಳಿದ ಮೇಲೇ ಕೊಡು. ಅಮೃತಬಳ್ಳಿ ಕಷಾಯ ಏನಾದರೂ?

— ದಿನಾ ಬೆಳಿಗ್ಗೆ ಕೊಡ್ತೀವಿ.

— ನಿಲ್ಲಿಸು. ಕೊರೊನಾ ಕಾಲದಲ್ಲಿ ಅದನ್ನ ಕುಡಿದ ಕೆಲವರಿಗೆ ಯಕೃತ್ತು ಊದಿಕೊಂಡಿದ್ದನ್ನ ಮುಂಬಯಿಯ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ. ಕೀಮೋ ನಡೀತಿರುವಾಗ ಯಕೃತ್ತಿಗೆ ಇನ್ನೊಂದು ಹೊರೆ ಬೇಡ.

— ಆಸ್ಪತ್ರೆ ದಿನದ್ದೇ ದೊಡ್ಡ ಗೋಳು ಅಕ್ಕ. ಐದು ಗಂಟೆಗೆ ದೊಡ್ಡಬಳ್ಳಾಪುರ ಬಿಡ್ತೀವಿ. ರಕ್ತ ಕೊಡಬೇಕು ಅಂತ ಖಾಲಿ ಹೊಟ್ಟೆ. ಆಮೇಲೆ ಸಾಲು, ರಿಪೋರ್ಟು, ಮತ್ತೆ ಸಾಲು. ಮನೆ ಮುಟ್ಟೋದು ರಾತ್ರಿ. ಅವತ್ತು ಒಂದು ಬನ್ನು, ಎರಡು ಟೀ ಇಳಿದರೆ ಹೆಚ್ಚು.

— ತಿಂಗಳಲ್ಲಿ ಅಂಥ ದಿನ ಎಷ್ಟಾಗುತ್ತೆ ಅಂತ ಯಾರೂ ಎಣಿಸಲ್ಲ. ಸ್ಕ್ಯಾನಿಗೆ ಒಂದು, ಎಂಡೋಸ್ಕೋಪಿಗೆ ಒಂದು, ರಕ್ತಕ್ಕೆ ಒಂದು. ಊರು ದೂರ ಇರೋ ರೋಗಿಗೆ ಈ ಉಪವಾಸಗಳೇ ತೂಕ ತಿನ್ನುತ್ತವೆ. ಮೊದಲು ಕೇಳಿಕೊಳ್ಳಿ, ಈ ಪರೀಕ್ಷೆಗೆ ನಿಜವಾಗಿ ಖಾಲಿ ಹೊಟ್ಟೆ ಬೇಕಾ ಅಂತ. ಬರೀ ರಕ್ತದ ಕೌಂಟ್ ನೋಡೋಕೆ ಬೇಡ. ಬೇಕೇ ಆದರೆ ರಕ್ತ ಕೊಟ್ಟ ಕ್ಷಣದಲ್ಲಿ ತಿನ್ನೋಕೆ ಚೀಲದಲ್ಲಿ ಸಿದ್ಧ ಇರಲಿ. ಬೇಯಿಸಿದ ಮೊಟ್ಟೆ, ಹುರಿಹಿಟ್ಟಿನ ಉಂಡೆ, ಕಡಲೆ ಮಿಠಾಯಿ, ಫ್ಲಾಸ್ಕಿನಲ್ಲಿ ಹಾಲು. ಸಾಲಿನಲ್ಲಿ ನೀನು ನಿಲ್ಲು, ಅವರು ಕೂತು ತಿನ್ನಲಿ.

— ಹೊಟ್ಟೆಗೇನೂ ಹೋಗದಿದ್ದರೆ ಮೂಗಿನ ಪೈಪು ಹಾಕ್ತಾರಂತೆ. ಅದು ಕೊನೆಗಾಲ ಅಂತ ಅಪ್ಪ ಹೆದರ್ತಾರೆ.

— ಕೊನೆಗಾಲ ಅಲ್ಲ. ಊಟ ಇಳಿಯೋ ದಾರಿ ಕಟ್ಟಿದ್ದು, ಕರುಳು ಸರಿಯಾಗಿದ್ದರೆ ಪೈಪು ಬಹಳ ಉಪಕಾರ. ಅದರಲ್ಲಿ ಕಳಿಸಿ ತೂಕ ಉಳಿಸಿಕೊಂಡು, ಆಪರೇಷನ್ ಆಗಿ, ಪೈಪು ತೆಗೆಸಿಕೊಂಡು ಊರಿಗೆ ಹೋದವರಿದ್ದಾರೆ. ಹಾಗೆಯೇ ಔಷಧಿ. ಪುದುಚೇರಿಯ ಜಿಪ್ಮರ್‌ನಲ್ಲಿ ಹೊಟ್ಟೆ, ಯಕೃತ್ತು-ಮೇದೋಜೀರಕ, ಶ್ವಾಸಕೋಶದ ಕ್ಯಾನ್ಸರ್ ಇದ್ದ 124 ಜನರ ಮೇಲೆ ಓಲಾಂಜಪಿನ್ ಅನ್ನೋ ಹಳೆಯ, ಅಗ್ಗದ ಮಾತ್ರೆ ಪರೀಕ್ಷಿಸಿದರು. ದಿನಕ್ಕೆ 2.5 ಮಿಲಿಗ್ರಾಂ, ಹನ್ನೆರಡು ವಾರ. ತೂಕ ನೂರಕ್ಕೆ ಐದಕ್ಕಿಂತ ಹೆಚ್ಚು ಏರಿದ್ದು ಮಾತ್ರೆ ತಗೊಂಡವರಲ್ಲಿ ಶೇಕಡಾ 60, ಸುಳ್ಳು ಮಾತ್ರೆ ತಗೊಂಡವರಲ್ಲಿ 9. ಅದು 2023ರಲ್ಲಿ ಪ್ರಕಟವಾದ ಮೇಲೆ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೇ ತನ್ನ ಸಲಹೆ ತಿದ್ದಿಕೊಂಡಿತು. ನೀನಾಗೇ ಅಂಗಡಿಯಲ್ಲಿ ಕೊಳ್ಳೋ ಮಾತ್ರೆ ಅಲ್ಲ, ನಿದ್ದೆ ಬರಿಸುತ್ತೆ. ಡಾಕ್ಟ್ರನ್ನ ಹೆಸರು ಹೇಳಿ ಕೇಳು, ಅಷ್ಟೇ.

— ನಡೆಸಬೇಕಾ? ಸುಸ್ತು ಅಂತ ಮಲಗಿಸಿಬಿಡ್ತೀವಿ.

— ನಡೆಸಲೇಬೇಕು. ಕೆಲಸ ಕೊಡದ ಸ್ನಾಯು ಪ್ರೋಟೀನನ್ನ ಸರಿಯಾಗಿ ತಗೊಳ್ಳಲ್ಲ. ಊಟ, ಮೀನೆಣ್ಣೆ, ವ್ಯಾಯಾಮ, ಉರಿಯೂತದ ಮಾತ್ರೆ ನಾಲ್ಕನ್ನೂ ಸೇರಿಸಿ ಮಾಡಿದ ಒಂದು ಪ್ರಯೋಗದ ಫಲ 2024ರಲ್ಲಿ ಬಂತು. ತೂಕ ನಿಂತಿತು, ಆದರೆ ಸ್ನಾಯುವಿನಲ್ಲಿ ಎದ್ದು ಕಾಣೋ ವ್ಯತ್ಯಾಸ ಬರಲಿಲ್ಲ. ಅಷ್ಟು ಕಷ್ಟದ ಕೆಲಸ ಇದು. ಅದಕ್ಕೇ ಬೇಗ ಶುರು ಮಾಡಬೇಕು ಅನ್ನೋದು. ಅಂಗಳದಲ್ಲಿ ಹತ್ತು ನಿಮಿಷ ನಡಿಗೆ, ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರೋದು, ನೀನು ಪಕ್ಕದಲ್ಲಿ ನಿಂತಿರು. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ. ಟೇಪಿನಲ್ಲಿ ತೋಳಿನ ಸುತ್ತಳತೆಯೂ ಬರೆದಿಡು. ಹೊಟ್ಟೆಯಲ್ಲಿ, ಕಾಲಲ್ಲಿ ನೀರು ತುಂಬಿದರೆ ತಕ್ಕಡಿ ಮೋಸ ಮಾಡುತ್ತೆ.

— ಇಷ್ಟೆಲ್ಲಾ ಮಾಡಿಯೂ ಇಳೀತಾ ಹೋದರೆ, ಅಕ್ಕ?

— ಆ ದಿನ ಬರಬಹುದು. ಬರದೆ ಇರಲಿ ಅಂತ ನನಗೂ ಆಸೆ. ಕಾಯಿಲೆ ಔಷಧಿಗೆ ಬಗ್ಗದೆ ಮುಂದೆ ಹೋದರೆ, ಮೈಗೆ ಅನ್ನವನ್ನ ಬಳಸಿಕೊಳ್ಳೋ ಶಕ್ತಿಯೇ ಹೋಗುತ್ತೆ. ಆಗ ಗ್ರಾಮಿನ ಲೆಕ್ಕ ಹಿಡಿದು ತುರುಕಿದರೆ ವಾಂತಿ, ಉಬ್ಬಸ, ನೋವು ಅಷ್ಟೇ. ಆಗ ಅವರು ಕೇಳಿದ್ದು, ಕೇಳಿದಾಗ, ಎರಡು ಚಮಚ. ತುಟಿ ಒದ್ದೆ ಮಾಡೋದು, ನೋವಿಗೆ ಔಷಧಿ. ಮಾರತ್ತಹಳ್ಳಿ ಕಡೆ ಕರುಣಾಶ್ರಯ ಅನ್ನೋ ಉಪಶಾಮಕ ಆರೈಕೆ ಕೇಂದ್ರ ಇದೆ, 1999ರಿಂದ ಹಾಸಿಗೆ, ಆರೈಕೆ ಎಲ್ಲಾ ಉಚಿತ. ಅಂಥ ಕಡೆ ಫೋನ್ ಮಾಡೋದು ಅಪ್ಪನನ್ನ ಕೈಬಿಟ್ಟ ಹಾಗಲ್ಲ. ಆದರೆ ಈಗ ನಾವು ಅಲ್ಲಿಲ್ಲ. ನಡೆದು ಬಚ್ಚಲಿಗೆ ಹೋಗ್ತಾರೆ, ಚಕ್ಕೋತಕ್ಕೆ ಆಸೆ ಪಡ್ತಾರೆ. ಈಗ ಕೈ ಬಿಗಿ ಹಿಡಿಯೋ ಸಮಯ. ಮಲ ಸಲೀಸಾಗಿ ಹೋಗುತ್ತಾ?

— ನೋವಿನ ಮಾತ್ರೆ ಶುರುವಾದ ಮೇಲೆ ನಾಲ್ಕು ದಿನಕ್ಕೊಮ್ಮೆ.

— ನೋಡು, ಇದನ್ನ ಮೊದಲೇ ಹೇಳಬೇಕಿತ್ತು ನೀನು. ಹೊಟ್ಟೆ ಕಟ್ಟಿದ್ದರೆ ಯಾರಿಗೆ ತಾನೇ ಊಟ ಸೇರುತ್ತೆ? ನಾಳೆಯೇ ಡಾಕ್ಟ್ರಿಗೆ ಫೋನ್ ಮಾಡಿ ಭೇದಿ ಮಾತ್ರೆ ಬರೆಸಿಕೋ. ಮಿಕ್ಕಿದ್ದೆಲ್ಲಾ ಆಮೇಲೆ. ಅವರಿಗೆ ಏನು ತಿನ್ನೋ ಆಸೆ ಅಂತ ಕೇಳಿದ್ದೀಯಾ?

— ಹಿದುಕಿದ ಬೇಳೆ ಸಾರು ಅಂದರು ಮೊನ್ನೆ. ಅವರೆಕಾಯಿ ಬಂದಿದೆಯಲ್ಲ. ವಾಯು ಅಂತ ನಾವೇ ಬೇಡ ಅಂದ್ವಿ.

— ಸಿಪ್ಪೆ ಹಿದುಕಿ ತೆಗೆದ ಬೇಳೆ ಅದು, ಕಾಳಿಗಿಂತ ಮೆತ್ತಗೆ ಬೇಯುತ್ತೆ. ಖಾರ ಕಡಿಮೆ ಮಾಡಿ, ಬೇಳೆಯನ್ನ ಸೌಟಿನಲ್ಲಿ ಮಸೆದು, ತುಪ್ಪ ಹಾಕಿ ಕೊಡು. ತಿಳಿ ಬಸಿದು ಕೊಡಬೇಡ ಮತ್ತೆ. ಮೊದಲು ಕಾಲು ಬಟ್ಟಲು, ಹೊಟ್ಟೆ ಉಬ್ಬರಿಸದಿದ್ದರೆ ಎರಡು ಗಂಟೆ ಬಿಟ್ಟು ಇನ್ನು ಕಾಲು. ಎಷ್ಟು ಇಳಿಯಿತು ಅಂತ ಆ ಚೀಟಿಯಲ್ಲೇ ಬರೆದು, ಭಾನುವಾರ ನನಗೆ ತೋರಿಸು.